ಪಾದರಸದ ಹನಿಯಿಂದ ಇಂಗಾಲದ ತುದಿಗೆ: ಉತ್ಕರ್ಷಣ ನಿರೋಧಕಗಳನ್ನು ವಿದ್ಯುತ್ತಿನಿಂದ ಅಳೆದ ಇತಿಹಾಸ

ಬಹುದಿನ ಇಟ್ಟ ಕಡಲೆಕಾಯಿ ಎಣ್ಣೆ ಕಮಟು ವಾಸನೆ ಹಿಡಿಯುವುದು, ಹೆಚ್ಚಿಟ್ಟ ಬದನೆಕಾಯಿಯ ಹೋಳು ಕಪ್ಪಾಗುವುದು, ಗಾಳಿ ಬಿಸಿಲಿಗೆ ಸಿಕ್ಕ ರಬ್ಬರ್ ಬಿರಿಯುವುದು ಮೇಲ್ನೋಟಕ್ಕೆ ಬೇರೆ ಬೇರೆ ಸಂಗತಿಗಳಾಗಿ ಕಂಡರೂ ಇವೆಲ್ಲವುಗಳ ಬೇರಿನಲ್ಲಿರುವುದು ಉತ್ಕರ್ಷಣವೆಂಬ ಒಂದೇ ಬಗೆಯ ರಾಸಾಯನಿಕ ಕ್ರಿಯೆ. 18ನೆಯ ಶತಮಾನದ ಕೊನೆಯಲ್ಲಿ, ಲವಾಸಿಯೆಯ ಕಾಲಕ್ಕೆ, ಉತ್ಕರ್ಷಣವೆಂದರೆ ಆಮ್ಲಜನಕದೊಡನೆ ಸೇರುವುದು ಎಂಬಷ್ಟೇ ಅರ್ಥವಿತ್ತು. ಎಲೆಕ್ಟ್ರಾನಿನ ಅರಿವು ಬಂದ ಮೇಲೆ, ಒಂದು ವಸ್ತು ಎಲೆಕ್ಟ್ರಾನನ್ನು ಕಳೆದುಕೊಳ್ಳುವುದೇ ಉತ್ಕರ್ಷಣ, ಪಡೆದುಕೊಳ್ಳುವುದು ಅಪಕರ್ಷಣ ಎಂಬ ವಿಶಾಲವಾದ ವ್ಯಾಖ್ಯೆ ನೆಲೆಗೊಂಡಿತು. ಉತ್ಕರ್ಷಣಕ್ಕೆ ಈಡಾಗಬಲ್ಲ ವಸ್ತುವಿನ ಜೊತೆಯಲ್ಲಿ ಅಲ್ಪ ಪ್ರಮಾಣದಲ್ಲಿದ್ದುಕೊಂಡು, ಅದರ ಉತ್ಕರ್ಷಣವನ್ನು ತಡೆಯುವ ಅಥವಾ ಗಣನೀಯವಾಗಿ ಮುಂದೂಡುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆ್ಯಂಟಿಆಕ್ಸಿಡೆಂಟ್. ಇಂಥ ವಸ್ತುಗಳಲ್ಲಿ ಹೆಚ್ಚಿನವು ತಮ್ಮ ಎಲೆಕ್ಟ್ರಾನನ್ನು ತಾವೇ ಮೊದಲು ಬಿಟ್ಟುಕೊಟ್ಟು ಉಳಿದವನ್ನು ಕಾಯುತ್ತವೆ. ಎಲೆಕ್ಟ್ರಾನುಗಳ ಹರಿವೇ ವಿದ್ಯುತ್ ಪ್ರವಾಹವಾದ್ದರಿಂದ, ಅವು ಬಿಟ್ಟುಕೊಡುವ ಎಲೆಕ್ಟ್ರಾನುಗಳನ್ನು ಒಂದು ಲೋಹದ ಅಥವಾ ಇಂಗಾಲದ ತುದಿಯಲ್ಲಿ ಸಂಗ್ರಹಿಸಿ ಎಣಿಸಲು ಸಾಧ್ಯವಿರಬೇಕು. ಕೇಳಲು ಸರಳವಾದ ಈ ವಿಚಾರ ಬಳಕೆಯ ವಿಧಾನವಾಗಿ ರೂಪುಗೊಳ್ಳಲು ಮುಕ್ಕಾಲು ಶತಮಾನವೇ ಬೇಕಾಯಿತು, ಮತ್ತು ಅದರ ಮುಖ್ಯ ಹೆಜ್ಜೆಗಳನ್ನು ಇಟ್ಟವರಲ್ಲಿ ಬಹುಮಂದಿಗೆ ಉತ್ಕರ್ಷಣ ನಿರೋಧಕಗಳು ಗುರಿಯಾಗಿರಲೇ ಇಲ್ಲ.

ಈ ಇತಿಹಾಸದಲ್ಲಿ 1922ನೆಯ ಇಸವಿಗೆ ವಿಶೇಷ ಸ್ಥಾನವಿದೆ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣುರಿಸುವ ಅನಿಲವಾಗಿ ಬಳಕೆಯಾದ ಅಕ್ರೋಲೀನ್ ಎಂಬ ದ್ರವವು ಇಟ್ಟಲ್ಲೇ ಕೆಟ್ಟು ಗಟ್ಟಿಯಾಗಿಬಿಡುತ್ತಿದ್ದುದನ್ನು ತಡೆಯಲು ಹೊರಟ ಫ್ರಾನ್ಸಿನ ಶಾರ್ಲ್ ಮೂರ್ಯೂ ಮತ್ತು ಶಾರ್ಲ್ ದುಫ್ರೆಸ್, ಹೈಡ್ರೋಕ್ವಿನೋನ್‌ನಂಥ ಫೀನಾಲು ಜಾತಿಯ ವಸ್ತುಗಳ ಸ್ವಲ್ಪವೇ ಬೆರಕೆ ಅದನ್ನು ಕಾಪಾಡುವುದೆಂದು ಕಂಡುಕೊಂಡು, ಗಾಳಿಯಲ್ಲಿ ನಡೆಯುವ ಉತ್ಕರ್ಷಣವನ್ನು ತಡೆಯುವ ಈ ಬಗೆಯ ವಸ್ತುಗಳ ಬಗ್ಗೆ ಆ ವರ್ಷ ಪ್ರಕಟಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್, ಇಲಿಗಳ ಸಂತಾನಕ್ಕೆ ಅಗತ್ಯವಾದ ಹೊಸದೊಂದು ಆಹಾರಾಂಶದ ಇರವನ್ನು ತೋರಿಸಿದರು. ಮುಂದೆ ಇ ಜೀವಸತ್ವವೆಂದು ಹೆಸರಾದ ಆ ಅಂಶವು ಕೊಬ್ಬಿನ ಉತ್ಕರ್ಷಣವನ್ನು ತಡೆಯುವ ಟೋಕೋಫೆರಾಲ್ ಎಂಬುದು 1930ರ ದಶಕದಲ್ಲಿ ತಿಳಿದುಬಂತು. ಅದೇ 1922ರ ಫೆಬ್ರುವರಿ 10ರಂದು ಪ್ರಾಗ್ ನಗರದಲ್ಲಿ ಯಾರೊಸ್ಲಾವ್ ಹೇರೋವ್ಸ್ಕಿ ಎಂಬ ರಸಾಯನಶಾಸ್ತ್ರಜ್ಞ, ತೊಟ್ಟಿಕ್ಕುವ ಪಾದರಸದ ಮೂಲಕ ದ್ರಾವಣವೊಂದರಲ್ಲಿ ಹರಿಯುವ ಕಿರುಪ್ರವಾಹವನ್ನು ಮೊದಲ ಬಾರಿಗೆ ಅಳೆದು ದಾಖಲಿಸಿದರು. ಮೂರು ದೇಶಗಳ ಈ ಮೂರು ಕೆಲಸಗಳಿಗೆ ಪರಸ್ಪರ ಸಂಬಂಧವಿರಲಿಲ್ಲವಾದರೂ ಅವು ಮುಂದೆ ಒಂದೇ ಪ್ರಯೋಗಾಲಯದ ಮೇಜಿನ ಮೇಲೆ ಕೂಡಿಕೊಂಡವು.

ಹೇರೋವ್ಸ್ಕಿಯವರು 1890ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, ಯುದ್ಧದ ವರ್ಷಗಳನ್ನು ಸೇನಾ ಆಸ್ಪತ್ರೆಯಲ್ಲಿ ಕಳೆದವರು. 1918ರಲ್ಲಿ ಅವರ ಡಾಕ್ಟರೇಟ್ ಪರೀಕ್ಷೆಯ ಸಂದರ್ಭದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಬೊಹುಮಿಲ್ ಕುಚೆರಾ, ವಿದ್ಯುತ್ ಹರಿಸಿದ ಪಾದರಸದ ಮೇಲ್ಮೈ ಸೆಳೆತವನ್ನು ತೊಟ್ಟಿಕ್ಕುವ ಹನಿಗಳ ತೂಕದಿಂದ ಅಳೆಯುವ ತಮ್ಮ ವಿಧಾನದಲ್ಲಿ ಕಂಡ ಕೆಲವು ವಿವರಿಸಲಾಗದ ಏರುಪೇರುಗಳನ್ನು ಅವರ ಮುಂದಿಟ್ಟರು. ಹನಿಗಳನ್ನು ಸಂಗ್ರಹಿಸಿ, ತೊಳೆದು, ಒಣಗಿಸಿ, ತೂಗುವ ಈ ಬೇಸರದ ಕೆಲಸವನ್ನು ವರ್ಷಗಟ್ಟಲೆ ನಡೆಸಿದ ಮೇಲೆ ಹೇರೋವ್ಸ್ಕಿಯವರು ತೂಕವನ್ನು ಬಿಟ್ಟು ಪ್ರವಾಹವನ್ನೇ ಅಳೆಯಲು ನಿರ್ಧರಿಸಿದರು. ಒಂದು ಇಡೀ ವಿಜ್ಞಾನ ಶಾಖೆ ಈ ನಿರ್ಧಾರದಿಂದ ಹುಟ್ಟಿತೆಂದರೆ ಉತ್ಪ್ರೇಕ್ಷೆಯಾಗದು.

ಅವರ ಉಪಕರಣದ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೂದಲಿನಷ್ಟು ಸಣ್ಣ ರಂಧ್ರವಿರುವ ಗಾಜಿನ ಲೋಮನಾಳವೊಂದನ್ನು ರಬ್ಬರ್ ಕೊಳವೆಯ ಮೂಲಕ ಎತ್ತರದಲ್ಲಿಟ್ಟ ಪಾದರಸದ ಬುಡ್ಡಿಗೆ ಜೋಡಿಸಿ, ನಾಳದ ತುದಿಯನ್ನು ಪರೀಕ್ಷಿಸಬೇಕಾದ ದ್ರಾವಣದಲ್ಲಿ ಮುಳುಗಿಸಲಾಗುತ್ತಿತ್ತು. ತುದಿಯಲ್ಲಿ ಪಾದರಸದ ಹನಿಯೊಂದು ಮೂಡಿ, ಕೆಲವು ಸೆಕೆಂಡುಗಳಲ್ಲಿ ತುಂಬಿಕೊಂಡು, ಕಳಚಿ ಕೆಳಗೆ ಬೀಳುತ್ತಿತ್ತು. ಅದರ ಜಾಗದಲ್ಲಿ ಹೊಸ ಹನಿ ಮೂಡುತ್ತಿತ್ತು. ದ್ರಾವಣದೊಳಗೆ ವಿದ್ಯುತ್ತನ್ನು ಒಯ್ಯುವ ಇಂಥ ತುದಿಗೆ ವಿದ್ಯುದ್ವಾರ, ಅಂದರೆ ಎಲೆಕ್ಟ್ರೋಡ್ ಎಂದು ಹೆಸರು. ಘನ ಲೋಹದ ವಿದ್ಯುದ್ವಾರದ ಮೇಲೆ ಹಿಂದಿನ ಕ್ರಿಯೆಯ ಕಸ ಅಂಟಿಕೊಂಡು ಮುಂದಿನ ಅಳತೆಯನ್ನು ಕೆಡಿಸಿದರೆ, ಇಲ್ಲಿ ಪ್ರತಿ ಹನಿಯೂ ಹೊಚ್ಚ ಹೊಸ, ನುಣುಪಾದ ಮೇಲ್ಮೈಯನ್ನು ಒದಗಿಸುತ್ತಿತ್ತು. ಹನಿಗೆ ಕೊಡುವ ವಿಭವವನ್ನು, ಅಂದರೆ ವಿದ್ಯುತ್ತಿನ ಒತ್ತಡವನ್ನು, ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತ ಹೋದಾಗ ಒಂದೊಂದು ವಸ್ತುವೂ ತನಗೆ ವಿಶಿಷ್ಟವಾದ ವಿಭವದಲ್ಲಿ ಎಲೆಕ್ಟ್ರಾನನ್ನು ಪಡೆಯಲು ಅಥವಾ ಬಿಡಲು ಆರಂಭಿಸಿ, ಪ್ರವಾಹ ಒಮ್ಮೆಲೇ ಏರಿ ಮತ್ತೆ ಸಮತಟ್ಟಾಗುತ್ತಿತ್ತು. ಏರಿಕೆ ಯಾವ ವಿಭವದಲ್ಲಿ ಆಯಿತೆಂಬುದು ವಸ್ತು ಯಾವುದೆಂಬುದನ್ನೂ, ಎಷ್ಟು ಎತ್ತರಕ್ಕೆ ಏರಿತೆಂಬುದು ಅದರ ಪ್ರಮಾಣವನ್ನೂ ಹೇಳುತ್ತಿತ್ತು. ಒಂದೇ ರೇಖೆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ ಎಂಬುದೇ ಪ್ರಾಗ್ ಪರಂಪರೆಯ ನಿಜವಾದ ಕೊಡುಗೆ. ಮುಂದಿನ ಪೀಳಿಗೆಗಳು ಈ ಎರಡರಲ್ಲಿ ಒಂದನ್ನು ಮರೆತದ್ದರ ಪರಿಣಾಮವನ್ನು ಈ ಲೇಖನದ ಕೊನೆಯ ಭಾಗದಲ್ಲಿ ಕಾಣಬಹುದು.

ಆರಂಭದಲ್ಲಿ ಪ್ರತಿಯೊಂದು ಬಿಂದುವನ್ನೂ ಕೈಯಿಂದ ಗುರುತಿಸಿ ರೇಖೆ ಎಳೆಯಬೇಕಾಗಿತ್ತು. ಜಪಾನಿನಿಂದ ಪ್ರಾಗ್‌ಗೆ ಬಂದಿದ್ದ ಮಸುಜೊ ಶಿಕಾಟಾ ಅವರೊಡನೆ ಸೇರಿ ಹೇರೋವ್ಸ್ಕಿಯವರು 1924-25ರಲ್ಲಿ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಪ್ರವಾಹಕ್ಕೆ ತಕ್ಕಂತೆ ತಿರುಗುವ ಪುಟ್ಟ ಕನ್ನಡಿಯಿಂದ ಹೊಮ್ಮಿದ ಬೆಳಕಿನ ಚುಕ್ಕೆಯು ಸುತ್ತುವ ಉರುಳೆಗೆ ಹೊದಿಸಿದ ಛಾಯಾಗ್ರಹಣ ಕಾಗದದ ಮೇಲೆ ರೇಖೆಯನ್ನು ತಾನೇ ಬರೆಯುತ್ತಿತ್ತು. ಪೋಲರೋಗ್ರಾಫ್ ಎಂಬ ಹೆಸರಿನ ಈ ಯಂತ್ರ ರಾಸಾಯನಿಕ ವಿಶ್ಲೇಷಣೆಯಲ್ಲಿ ಸ್ವಯಂಚಾಲನೆಯ ಮೊದಲ ಉದಾಹರಣೆಗಳಲ್ಲಿ ಒಂದು. ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಹೇರೋವ್ಸ್ಕಿಯವರನ್ನು 1955ರಲ್ಲಿ ಗೌರವ ಸದಸ್ಯರನ್ನಾಗಿ ಆರಿಸಿಕೊಂಡಿತು; ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಅದಾದ ನಾಲ್ಕು ವರ್ಷಗಳ ನಂತರ, 1959ರಲ್ಲಿ.

ಈ ಯಂತ್ರದ ಮುಂದೆ ಬಂದ ಮೊದಲ ಮುಖ್ಯ ಉತ್ಕರ್ಷಣ ನಿರೋಧಕವೆಂದರೆ ಸಿ ಜೀವಸತ್ವ. ಹಂಗೆರಿಯ ಆಲ್ಬರ್ಟ್ ಸೆಂಟ್-ಜಾರ್ಜಿ 1928ರಲ್ಲಿ ಕೇಂಬ್ರಿಜ್‌ನಲ್ಲಿ ಬೇರ್ಪಡಿಸಿದ ವಸ್ತುವೇ ಸ್ಕರ್ವಿ ರೋಗವನ್ನು ತಡೆಯುವ ಸಿ ಜೀವಸತ್ವವೆಂಬುದು 1932ರಲ್ಲಿ ಖಚಿತವಾದ ಮೇಲೆ, ಹಣ್ಣು ತರಕಾರಿಗಳಲ್ಲಿ ಅದೆಷ್ಟಿದೆಯೆಂದು ಅಳೆಯುವ ಅಗತ್ಯ ಎಲ್ಲೆಡೆ ಹುಟ್ಟಿತು. ಅದಕ್ಕೆ ಬಳಕೆಗೆ ಬಂದದ್ದು ಇಂದಿಗೂ ಕಾಲೇಜುಗಳಲ್ಲಿ ಮಾಡಿಸುವ ಬಣ್ಣದ ಅನುಮಾಪನ, ಅಂದರೆ ಟೈಟ್ರೇಷನ್: ಡೈಕ್ಲೋರೋಫೀನಾಲ್ ಇಂಡೋಫೀನಾಲ್ ಎಂಬ ನೀಲಿ ಬಣ್ಣದ್ರವ್ಯವನ್ನು ಹಣ್ಣಿನ ರಸಕ್ಕೆ ಹನಿಹನಿಯಾಗಿ ಬೀಳಿಸಿದರೆ ಆಸ್ಕಾರ್ಬಿಕ್ ಆಮ್ಲವಿರುವವರೆಗೂ ನೀಲಿ ಅಳಿಯುತ್ತದೆ, ಅದು ಮುಗಿದ ಕೂಡಲೇ ಆಮ್ಲೀಯ ದ್ರಾವಣದಲ್ಲಿ ತಿಳಿ ಗುಲಾಬಿ ನಿಲ್ಲುತ್ತದೆ. ನಿಂಬೆರಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಬೀಟ್‌ರೂಟ್, ನೇರಳೆ, ಕಪ್ಪು ದ್ರಾಕ್ಷಿಯಂಥ ಗಾಢ ಬಣ್ಣದ ರಸಗಳಲ್ಲಿ ಆ ಗುಲಾಬಿ ಕಣ್ಣಿಗೆ ಬೀಳುವುದೇ ಇಲ್ಲ. ಪಾದರಸದ ಹನಿಗೆ ದ್ರಾವಣದ ಬಣ್ಣ ಲೆಕ್ಕಕ್ಕಿಲ್ಲವಾದ್ದರಿಂದ, ಪ್ರಾಗ್‌ನ ಎಗೊನ್ ಕೊಡಿಚೆಕ್ ಮತ್ತು ಕೆ. ವೆನಿಗ್ 1938ರಲ್ಲಿ ಸಿ ಜೀವಸತ್ವವನ್ನು ಪೋಲರೋಗ್ರಾಫ್‌ನಿಂದ ಅಳೆಯುವ ವಿಧಾನವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಸ್ಕಾರ್ಬಿಕ್ ಆಮ್ಲದ ಅಣುವೊಂದು ಎರಡು ಎಲೆಕ್ಟ್ರಾನುಗಳನ್ನೂ ಎರಡು ಪ್ರೋಟಾನುಗಳನ್ನೂ ಬಿಟ್ಟುಕೊಟ್ಟು ಡೀಹೈಡ್ರೋ ಆಸ್ಕಾರ್ಬಿಕ್ ಆಮ್ಲವಾಗುವಾಗ ಹರಿಯುವ ಪ್ರವಾಹವೇ ಇಲ್ಲಿ ಅಳತೆಗೋಲು. ಉತ್ಕರ್ಷಣ ನಿರೋಧಕವೊಂದನ್ನು ಅದು ಕೊಡುವ ಎಲೆಕ್ಟ್ರಾನಿನಿಂದಲೇ ಅಳೆಯುವುದರ ಆರಂಭವಾಗಿ ಈ ಪುಟ್ಟ ಪ್ರಕಟಣೆಗೆ ಇಂದಿನ ಬರಹಗಳಲ್ಲಿ ಸಿಗುವುದಕ್ಕಿಂತ ಹೆಚ್ಚಿನ ಮನ್ನಣೆ ಸಲ್ಲಬೇಕು.

ಪಾದರಸಕ್ಕೆ ಒಂದು ದೊಡ್ಡ ಮಿತಿಯಿತ್ತು. ವಿಭವವನ್ನು ಧನ ದಿಕ್ಕಿನಲ್ಲಿ ಸ್ವಲ್ಪ ಏರಿಸಿದೊಡನೆ ಪಾದರಸವೇ ಉತ್ಕರ್ಷಣಗೊಂಡು ಕರಗತೊಡಗುತ್ತದೆ. ಸಿ ಜೀವಸತ್ವವು ಸುಲಭವಾಗಿ ಎಲೆಕ್ಟ್ರಾನು ಬಿಡುವ ವಸ್ತುವಾದ್ದರಿಂದ ಆ ಗಡಿಯೊಳಗೇ ಸಿಕ್ಕಿತು. ಚಹಾ, ಕಾಫಿ, ದ್ರಾಕ್ಷಿ, ಅರಿಸಿನ ಮೊದಲಾದವುಗಳಲ್ಲಿರುವ ಫೀನಾಲುಗಳಲ್ಲಿ ಹೆಚ್ಚಿನವು ಗಡಿಯಾಚೆ ಉಳಿದವು. ಪ್ಲಾಟಿನಂ, ಚಿನ್ನದಂಥ ಘನ ಲೋಹಗಳು ಆ ವಿಭವಗಳನ್ನು ತಾಳುತ್ತಿದ್ದರೂ ಅವುಗಳ ಮೇಲ್ಮೈ ಪ್ರತಿ ಸಲವೂ ಬದಲಾಗಿ ಒಂದು ಅಳತೆಗೂ ಇನ್ನೊಂದಕ್ಕೂ ತಾಳೆಯಾಗುತ್ತಿರಲಿಲ್ಲ.

ಈ ಕಗ್ಗಂಟು ಬಿಡಿಸಿದ್ದು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್. ತೊಟ್ಟಿಕ್ಕುವ ಪಾದರಸದಂತೆಯೇ ತೊಟ್ಟಿಕ್ಕುವ ಇಂಗಾಲವನ್ನು ಮಾಡಬೇಕೆಂಬ ಹಂಬಲದಿಂದ ಗ್ರಾಫೈಟ್ ಪುಡಿಯನ್ನು ನೀರಿನಲ್ಲಿ ಬೆರೆಯದ ದ್ರವದೊಡನೆ ಕಲಸಿದ ಅವರ ಪ್ರಯತ್ನ ಹನಿಯ ಮಟ್ಟಿಗೆ ವಿಫಲವಾಯಿತು. ಆದರೆ ಅದೇ ಮಿಶ್ರಣವನ್ನು ಗಟ್ಟಿಯಾಗಿ ಕಲಸಿ ಕೊಳವೆಯ ತುದಿಯಲ್ಲಿ ತುಂಬಿದಾಗ ಅತ್ಯುತ್ತಮ ವಿದ್ಯುದ್ವಾರವಾಗಿ ಕೆಲಸ ಮಾಡಿತು. 1958ರಲ್ಲಿ ಅವರು ಪ್ರಕಟಿಸಿದ ಈ ಇಂಗಾಲದ ಕಲಸು, ಅಂದರೆ ಕಾರ್ಬನ್ ಪೇಸ್ಟ್ ವಿದ್ಯುದ್ವಾರಕ್ಕೆ ಬೇಕಾಗುವುದು ಗ್ರಾಫೈಟ್ ಪುಡಿ, ಖನಿಜ ತೈಲ, ಒಂದು ಕಲ್ಬತ್ತು, ಒಂದು ಕೊಳವೆ ಮತ್ತು ಸಂಪರ್ಕಕ್ಕೊಂದು ತಂತಿ. ಮೇಲ್ಮೈ ಕೆಟ್ಟರೆ ಹಿಂದಿನಿಂದ ಸ್ವಲ್ಪ ಒತ್ತಿ ತುದಿಯ ಕಲಸನ್ನು ಹೊರದೂಡಿ ನಯವಾದ ಕಾಗದದ ಮೇಲೆ ತೀಡಿದರೆ ಸಾಕು, ಹೊಸ ಮೇಲ್ಮೈ ಸಿದ್ಧ. ಬಡ ಪ್ರಯೋಗಾಲಯಕ್ಕೂ ಕೈಗೆಟಕುವ ಈ ಸಾಧನ ಮುಂದೆ ಜಗತ್ತಿನಾದ್ಯಂತ ಹರಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಅವಧಿಯಲ್ಲಿ ಅಳೆಯುವ ಕ್ರಮವೂ ಮಾರ್ಪಟ್ಟಿತು. ಇಂಗ್ಲೆಂಡಿನ ಜಾನ್ ರ‍್ಯಾಂಡಲ್ಸ್ ಮತ್ತು ಪ್ರಾಗ್‌ನ ಅಗಸ್ಟಿನ್ ಶೆವ್ಚೀಕ್ 1948ರಲ್ಲಿ ಒಬ್ಬರಿಗೊಬ್ಬರು ತಿಳಿಯದಂತೆ, ವಿಭವವನ್ನು ಒಂದೇ ವೇಗದಲ್ಲಿ ಏರಿಸುತ್ತ ಹೋದಾಗ ಮೂಡುವ ಪ್ರವಾಹದ ಶಿಖರವು ವಸ್ತುವಿನ ಸಾರತೆಗೂ ಏರಿಕೆಯ ವೇಗದ ವರ್ಗಮೂಲಕ್ಕೂ ಅನುಗುಣವಾಗಿರುತ್ತದೆಂಬ ಸೂತ್ರವನ್ನು ನಿರೂಪಿಸಿದರು. ವಿಭವವನ್ನು ಒಂದು ಮಿತಿಯವರೆಗೆ ಏರಿಸಿ ಮತ್ತೆ ಮೊದಲಿನ ಸ್ಥಾನಕ್ಕೆ ಇಳಿಸುವ ಕ್ರಮಕ್ಕೆ ಆವರ್ತ ವೋಲ್ಟಾಮೆಟ್ರಿ, ಅಂದರೆ ಸೈಕ್ಲಿಕ್ ವೋಲ್ಟಾಮೆಟ್ರಿ ಎಂದು ಹೆಸರು. ಏರುವಾಗ ಎಲೆಕ್ಟ್ರಾನು ಬಿಟ್ಟ ಅಣು ಇಳಿಯುವಾಗ ಅದನ್ನು ಮರಳಿ ಪಡೆದರೆ ರೇಖೆಯ ಕೆಳಗೆ ಎರಡನೆಯ ಶಿಖರ ಮೂಡುತ್ತದೆ. ಆಸ್ಕಾರ್ಬಿಕ್ ಆಮ್ಲದಲ್ಲಿ ಅದು ಮೂಡುವುದಿಲ್ಲ, ಏಕೆಂದರೆ ಉತ್ಕರ್ಷಿತ ರೂಪವು ಕ್ಷಣಾರ್ಧದಲ್ಲಿ ನೀರಿನೊಡನೆ ಸೇರಿ ಹಿಂದಿರುಗಲಾರದ ರೂಪ ತಾಳುತ್ತದೆ. ಹೀಗೆ ರೇಖೆಯ ಆಕಾರವೇ ಅಣುವಿನ ನಡತೆಯನ್ನು ಹೇಳುವಂತಾಯಿತು.

ಆಡಮ್ಸ್ ಅವರ ಆಸಕ್ತಿ ಆಹಾರದ ಕಡೆಗಲ್ಲ, ಮಿದುಳಿನ ಕಡೆಗೆ ತಿರುಗಿತು. 1973ರಲ್ಲಿ ಅವರ ತಂಡ ಸೂಕ್ಷ್ಮವಾದ ಇಂಗಾಲದ ವಿದ್ಯುದ್ವಾರವನ್ನು ಇಲಿಯ ಮಿದುಳಿನಲ್ಲಿ ನೆಟ್ಟು ಡೋಪಮೀನ್‌ನಂಥ ನರವಾಹಕ ರಾಸಾಯನಿಕಗಳನ್ನು ಜೀವಂತ ಅಂಗಾಂಶದಲ್ಲೇ ಅಳೆಯಲು ಹೊರಟಾಗ, ಅಲ್ಲಿ ಸಾವಿರಾರು ಪಟ್ಟು ಹೆಚ್ಚಾಗಿರುವ ಆಸ್ಕಾರ್ಬಿಕ್ ಆಮ್ಲವು ಹೆಚ್ಚು ಕಡಿಮೆ ಅದೇ ವಿಭವದಲ್ಲಿ ಎಲೆಕ್ಟ್ರಾನು ಬಿಟ್ಟು ಸಂಕೇತವನ್ನು ಮುಚ್ಚಿಹಾಕುತ್ತಿತ್ತು. 1984ರಲ್ಲಿ ಅದೇ ತಂಡ ಋಣ ವಿದ್ಯುದಂಶವುಳ್ಳ ನ್ಯಾಫಿಯಾನ್ ಎಂಬ ಪಾಲಿಮರನ್ನು ವಿದ್ಯುದ್ವಾರಕ್ಕೆ ಲೇಪಿಸಿ, ಋಣ ಅಯಾನಾಗಿರುವ ಆಸ್ಕಾರ್ಬೇಟನ್ನು ದೂರವಿಡುವ ಉಪಾಯ ಕಂಡುಕೊಂಡಿತು. ಮಧುಮೇಹಿಗಳು ಬಳಸುವ ಗ್ಲೂಕೋಸ್ ಪಟ್ಟಿಗಳನ್ನು ರೂಪಿಸಿದವರಿಗೂ ರಕ್ತದಲ್ಲಿನ ಸಿ ಜೀವಸತ್ವ ಇದೇ ತೊಡಕನ್ನು ಒಡ್ಡಿತು. ಉತ್ಕರ್ಷಣ ನಿರೋಧಕವನ್ನು ಅಳೆಯುವ ಕಲೆ ಬಹುಪಾಲು ಬೆಳೆದದ್ದು ಅದನ್ನು ದಾರಿಯಿಂದ ಸರಿಸಲು ಹೆಣಗಿದವರ ಕೈಯಲ್ಲಿ ಎಂಬುದು ಈ ಇತಿಹಾಸದ ಅತ್ಯಂತ ಗಮನಾರ್ಹ ಸಂಗತಿ. ಆಹಾರದ ದಿಕ್ಕಿನಲ್ಲಿ ಅದೇ 1973ರಲ್ಲಿ ವಿಸ್ಕಾನ್ಸಿನ್‌ನ ಮೆಕ್‌ಬ್ರೈಡ್ ಮತ್ತು ಇವಾನ್ಸ್, ಖಾದ್ಯ ತೈಲಗಳಲ್ಲಿನ ಟೋಕೋಫೆರಾಲ್ ಮತ್ತು ಬೆರಕೆಯ ನಿರೋಧಕಗಳನ್ನು ವೋಲ್ಟಾಮೆಟ್ರಿಯಿಂದ ಬೇಗ ಅಂದಾಜಿಸುವ ವಿಧಾನವನ್ನು ಪ್ರಕಟಿಸಿದ್ದರು.

1990ರ ದಶಕದಲ್ಲಿ ಚಿತ್ರ ಬದಲಾಯಿತು. ಮುಪ್ಪಿಗೆ ಮುಕ್ತ ರ‍್ಯಾಡಿಕಲ್‌ಗಳು, ಅಂದರೆ ಜೊತೆಯಿಲ್ಲದ ಎಲೆಕ್ಟ್ರಾನುಳ್ಳ ಚುರುಕು ಅಣುಗಳು ಕಾರಣವೆಂದು ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದ್ದ ಸಿದ್ಧಾಂತ ಜನಪ್ರಿಯವಾಗಿ, ಆಹಾರವೊಂದರ ಒಟ್ಟು ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಳೆಯುವ ಬಣ್ಣದ ಪರೀಕ್ಷೆಗಳು ಸಾಲಾಗಿ ಬಂದವು: 1993ರಲ್ಲಿ ಓರ‍್ಯಾಕ್, 1996ರಲ್ಲಿ ಫ್ರ್ಯಾಪ್, ಇನ್ನೂ ಹಲವು. ಇವು ಒಂದು ಕೃತಕ ಕಾರಕದ ಬಣ್ಣ ಅಥವಾ ಹೊಳಪು ಎಷ್ಟು ಬದಲಾಯಿತೆಂಬುದನ್ನು ಒಂದು ಅಂಕಿಯಾಗಿ ಕೊಡುತ್ತವೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರಾನ್ ಕೋಹೆನ್ ಮತ್ತು ಸಂಗಡಿಗರು ಇದೇ ದಶಕದಲ್ಲಿ ರಕ್ತದ್ರವ ಮತ್ತು ಅಂಗಾಂಶಗಳ ನಿರೋಧಕ ಶಕ್ತಿಯನ್ನು ಆವರ್ತ ವೋಲ್ಟಾಮೆಟ್ರಿಯಿಂದ ಅಳೆಯತೊಡಗಿದರು. ಹೊರಗಿನ ಕಾರಕವೇ ಬೇಡವಾದ ಈ ಕ್ರಮದಲ್ಲಿ ಮಾದರಿ ತನ್ನ ಎಲೆಕ್ಟ್ರಾನುಗಳನ್ನು ನೇರವಾಗಿ ತುದಿಗೆ ಒಪ್ಪಿಸುತ್ತದೆ.

ವಿಧಾನಕ್ಕೆ ಆಹಾರದಲ್ಲಿ ಗಟ್ಟಿ ನೆಲೆ ದೊರೆತದ್ದು ದ್ರಾಕ್ಷಾರಸದಿಂದ, ಅಂದರೆ ವೈನ್‌ನಿಂದ. ಕೊಬ್ಬಿನ ಆಹಾರ ತಿಂದೂ ಫ್ರೆಂಚರಲ್ಲಿ ಹೃದ್ರೋಗ ಕಡಿಮೆಯೇಕೆ, ಅದಕ್ಕೆ ಅವರು ಕುಡಿಯುವ ದ್ರಾಕ್ಷಾರಸ ಕಾರಣವಿರಬಹುದೇ ಎಂಬ ಚರ್ಚೆ 1992ರ ಹೊತ್ತಿಗೆ ಕಾವೇರಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಪಾಲ್ ಕಿಲ್‌ಮಾರ್ಟಿನ್, ಕ್ಯಾಲಿಫೋರ್ನಿಯಾದ ಆಂಡ್ರ್ಯೂ ವಾಟರ್‌ಹೌಸ್ ಮತ್ತು ಸಹೋದ್ಯೋಗಿ ಸೇರಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಜಿನಂತೆ ನುಣುಪಾದ ಗ್ಲಾಸಿ ಕಾರ್ಬನ್ ವಿದ್ಯುದ್ವಾರವನ್ನು ಬಳಸಿ, ಮದ್ಯಸಾರ ಮತ್ತು ಟಾರ್ಟಾರಿಕ್ ಆಮ್ಲದ ಮಾದರಿ ದ್ರಾವಣದಲ್ಲಿ ತೆಳುಗೊಳಿಸಿದ ದ್ರಾಕ್ಷಾರಸಗಳ ರೇಖೆಗಳನ್ನು ಪಡೆಯಲಾಯಿತು. ಪಕ್ಕಪಕ್ಕದಲ್ಲಿ ಎರಡು ಹೈಡ್ರಾಕ್ಸಿಲ್ ಗುಂಪುಗಳಿರುವ ಕ್ಯಾಟೆಕಾಲ್ ಬಗೆಯ ಫೀನಾಲುಗಳು ಕಡಿಮೆ ವಿಭವದಲ್ಲೇ, ಸುಮಾರು 400 ಮಿಲಿವೋಲ್ಟ್ ಆಸುಪಾಸಿನಲ್ಲಿ, ಶಿಖರ ಮೂಡಿಸಿದವು. ಅಂಥ ಜೋಡಿಯಿಲ್ಲದ ಫೀನಾಲುಗಳಿಗೆ ಅದಕ್ಕಿಂತ ಹೆಚ್ಚಿನ ಒತ್ತಡ ಬೇಕಾಯಿತು. ಸುಲಭವಾಗಿ ಎಲೆಕ್ಟ್ರಾನು ಬಿಡುವವು ಯಾವುವು, ಬಿಗಿಹಿಡಿಯುವವು ಯಾವುವು ಎಂಬ ವಿಂಗಡಣೆ ಒಂದೇ ರೇಖೆಯಲ್ಲಿ ಕಂಡಿತು. ಈ ಕೆಲಸದಲ್ಲಿ ಕೈಚಳಕಕ್ಕೂ ಪಾಲಿದೆ. ಉತ್ಕರ್ಷಣಗೊಂಡ ಫೀನಾಲುಗಳು ಒಂದಕ್ಕೊಂದು ಹೆಣೆದುಕೊಂಡು ಇಂಗಾಲದ ಮೇಲೆ ಕಾಣದಷ್ಟು ತೆಳುವಾದ ಪದರವಾಗಿ ಕೂತುಬಿಡುವುದರಿಂದ ಎರಡನೆಯ ಸುತ್ತಿನಲ್ಲೇ ಪ್ರವಾಹ ಕುಸಿಯುತ್ತದೆ. ಹಾಗಾಗಿ ಒದ್ದೆ ಬಟ್ಟೆಯ ಮೇಲೆ ಅಲ್ಯೂಮಿನಾ ನುಣ್ಪುಡಿ ಹಾಕಿ, ವಿದ್ಯುದ್ವಾರವನ್ನು ನೆಟ್ಟಗೆ ಹಿಡಿದು ತೀಡಿ, ಚೆನ್ನಾಗಿ ತೊಳೆದ ನಂತರವೇ ಮುಂದಿನ ಅಳತೆಗೆ ತೊಡಗಬೇಕು. ಪಾದರಸದ ಹನಿ ತಾನಾಗಿ ಕೊಡುತ್ತಿದ್ದ ಹೊಸತನವನ್ನು ಇಲ್ಲಿ ಕೈಯಿಂದ ಸಂಪಾದಿಸಬೇಕು. ರಷ್ಯದ ಕಜಾನ್‌ನಲ್ಲಿ ವಿದ್ಯುತ್ತಿನಿಂದಲೇ ಹುಟ್ಟಿಸಿದ ಬ್ರೋಮೀನ್ ನಿರೋಧಕಗಳೊಡನೆ ವರ್ತಿಸಿ ಎಷ್ಟು ಖರ್ಚಾಯಿತೆಂದು ಎಣಿಸುವ ಕ್ರಮವೂ ಬೆಳೆಯಿತು.

ಕರ್ನಾಟಕಕ್ಕೆ ಈ ಇತಿಹಾಸದೊಡನೆ ನೇರ ನಂಟಿರುವುದು ಕಾರ್ಬನ್ ಪೇಸ್ಟಿನ ಮೂಲಕ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಈ ಶತಮಾನದ ಆರಂಭದಿಂದ ನಡೆದುಬಂದ ವಿದ್ಯುತ್ ರಸಾಯನಶಾಸ್ತ್ರದ ಸಂಶೋಧನೆಯಲ್ಲಿ, ಬಗೆಬಗೆಯ ವಸ್ತುಗಳನ್ನು ಸೇರಿಸಿ ಮಾರ್ಪಡಿಸಿದ ಕಲಸಿನಿಂದ ಡೋಪಮೀನ್, ಆಸ್ಕಾರ್ಬಿಕ್ ಆಮ್ಲ ಮತ್ತು ಯೂರಿಕ್ ಆಮ್ಲಗಳ ಶಿಖರಗಳನ್ನು ಬೇರೆ ಬೇರೆಯಾಗಿ ಬಿಡಿಸಿ ತೋರಿಸುವುದು ಮುಖ್ಯ ಎಳೆಯಾಗಿದೆ. ಕ್ಯಾನ್ಸಸ್ಸಿನಲ್ಲಿ ಎದುರಾದ ತೊಡಕೇ ಮಲೆನಾಡಿನ ಅಂಚಿನಲ್ಲಿ ಸಂಶೋಧನೆಯ ವಸ್ತುವಾಯಿತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿರುವ ಈ ನಾಡಿನಲ್ಲಿ, ಕೊಡಗು ಚಿಕ್ಕಮಗಳೂರುಗಳ ಕಾಫಿಬೀಜದ ಕ್ಲೋರೋಜೆನಿಕ್ ಆಮ್ಲವು ಕ್ಯಾಟೆಕಾಲ್ ಬಗೆಯದೇ ಆಗಿ ಹುರಿದಷ್ಟೂ ಕಡಿಮೆಯಾಗುವುದರಿಂದಲೂ, ನೆಲ್ಲಿಕಾಯಿಯಲ್ಲಿ ಸಿ ಜೀವಸತ್ವದ ಜೊತೆಗೆ ಟ್ಯಾನಿನ್‌ಗಳೂ ತುಂಬಿರುವುದರಿಂದಲೂ, ಇಂಥ ವಸ್ತುಗಳನ್ನು ಬೇರ್ಪಡಿಸಿ ತೋರಬಲ್ಲ ರೇಖೆಗೆ ಮಾಡಲು ಬೇಕಾದಷ್ಟು ಕೆಲಸವಿದೆ.

ಅಳತೆಯ ವಿಧಾನಗಳು ನುಣುಪುಗೊಂಡಷ್ಟೂ ಅವುಗಳ ಫಲಿತಾಂಶವನ್ನು ಆರೋಗ್ಯವೆಂದು ಓದುವ ರೂಢಿ ಬಲವಾಯಿತು. ಆದರೆ ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ಬೀಟಾ ಕ್ಯಾರೋಟೀನ್ ಎಂಬ ಉತ್ಕರ್ಷಣ ನಿರೋಧಕವನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರ‍್ಯಾಕ್ ಅಂಕಿಗಳ ಪಟ್ಟಿಯನ್ನು 2007ರಲ್ಲಿ ಪ್ರಕಟಿಸಿ, 2010ರಲ್ಲಿ ಪರಿಷ್ಕರಿಸಿ, ಮಾರಾಟಗಾರರು ಅವನ್ನು ದುರ್ಬಳಕೆ ಮಾಡುತ್ತಿರುವುದನ್ನೂ, ಆ ಅಂಕಿಗಳಿಗೂ ಮನುಷ್ಯ ದೇಹದಲ್ಲಿನ ಪರಿಣಾಮಗಳಿಗೂ ಸಂಬಂಧ ಸ್ಥಾಪಿತವಾಗದಿರುವುದನ್ನೂ ಕಾರಣವಾಗಿ ನೀಡಿ 2012ರಲ್ಲಿ ಹಿಂದೆಗೆದುಕೊಂಡಿತು. ಜೀರ್ಣಾಂಗದಲ್ಲಿ ಎಷ್ಟು ಹೀರಿಕೆಯಾಗುತ್ತದೆ, ಯಕೃತ್ತಿನಲ್ಲಿ ಏನಾಗಿ ಮಾರ್ಪಡುತ್ತದೆ, ಜೀವಕೋಶವನ್ನು ತಲುಪುತ್ತದೆಯೇ ಎಂಬ ಪ್ರಶ್ನೆಗಳನ್ನು ಯಾವ ವಿದ್ಯುದ್ವಾರವೂ ಉತ್ತರಿಸಲಾರದು. ಅದು ಹೇಳುವುದು ಒಂದು ವಸ್ತು ಎಷ್ಟು ಎಲೆಕ್ಟ್ರಾನುಗಳನ್ನು, ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದನ್ನು ಮಾತ್ರ, ಮತ್ತು ಆ ಮಾತನ್ನು ಅದು ಬೇರೆಲ್ಲ ವಿಧಾನಗಳಿಗಿಂತ ನೇರವಾಗಿ ಹೇಳುತ್ತದೆ. ಇಂದು ವೋಲ್ಟಾಮೆಟ್ರಿ ಬಳಸುವವರಲ್ಲೂ ಅನೇಕರು ರೇಖೆಯನ್ನು ಮರೆಮಾಡಿ, ಶಿಖರದ ಎತ್ತರವನ್ನು ಗ್ಯಾಲಿಕ್ ಆಮ್ಲಕ್ಕೋ ಟ್ರೋಲಾಕ್ಸ್ ಎಂಬ ಕೃತಕ ನಿರೋಧಕಕ್ಕೋ ಸಮೀಕರಿಸಿದ ಒಂಟಿ ಅಂಕಿಯನ್ನಷ್ಟೇ ಮುಂದಿಡುತ್ತಾರೆ. ಪ್ರಾಗ್‌ನ ಹನಿ ಕೊಟ್ಟಿದ್ದ ಎರಡು ಉತ್ತರಗಳಲ್ಲಿ ಒಂದನ್ನು ಇದು ಎಸೆದಂತೆ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರೂ ವಿಜ್ಞಾನ ಪತ್ರಿಕೆಗಳ ಸಂಪಾದಕರೂ ಇಂಥ ಪ್ರತಿಯೊಂದು ಅಂಕಿಯ ಜೊತೆಗೆ ಇಡೀ ರೇಖೆಯನ್ನೂ, ಬಳಸಿದ ವಿದ್ಯುದ್ವಾರ, ದ್ರಾವಣದ ಆಮ್ಲೀಯತೆ ಮತ್ತು ವಿಭವ ಏರಿಸಿದ ವೇಗದ ವಿವರಗಳನ್ನೂ ಕಡ್ಡಾಯವಾಗಿ ಪ್ರಕಟಿಸಬೇಕು.